ಹದಿನಾಲ್ಕು ಕಿಲೋ ಎಳೆತ

ಮಾರ್ಚ್ ೩, ಸೋಮವಾರ

ಭುಜದ ಆಪರೇಷನ್ ಆದಾಗಿನಿಂದ ಐದು ವಾರ ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಕೈಜೋಳಿಗೆಯನ್ನು ಇವತ್ತು ಬಿಚ್ಚಿದೆ. ಬೆವರುನಾತ ಹಿಡಿದಿತ್ತು, ಕಸದ ಬುಟ್ಟಿಗೆ ಎಸೆದೆ. ಇವರು ಅದನ್ನು ಬುಟ್ಟಿಯಿಂದ ಎತ್ತಿ, ಒಗೆದು, ಒಣಗಲು ಹಾಕಿದ್ದಾರೆ. ಮತ್ತೆ ಬೇಕಾಗಬಹುದಂತೆ. ಅಪಶಕುನ ನುಡಿಯಲು ನನ್ನ ಗಂಡನಿಗೆ ಬಾಯಿಯೂ ಬೇಕಾಗಿಲ್ಲ, ಒಗೆದ ಬಟ್ಟೆ ಸಾಕು.

ಇವರು ತಮ್ಮ ತಕ್ಕಡಿ ರಿಪೇರಿ ಅಂಗಡಿಗೆ ಹೋದ ಮೇಲೆ ಏರ್‌ಗನ್ ಹೊರಗೆ ತೆಗೆದೆ. ಹತ್ತೊಂಬತ್ತು ವರ್ಷದಿಂದ ಇದೇ ಬಂದೂಕು. ಬಂದೂಕನ್ನು ನಡುವಿಗೆ ಮಡಚಿ ನಳಿಗೆಯನ್ನು ಕೆಳಕ್ಕೆ ಎಳೆಯಬೇಕು. ಆಗ ಒಳಗಿನ ಸ್ಪ್ರಿಂಗ್ ಮುದುಡಿಕೊಂಡು ಪಿಸ್ಟನ್ ಜತೆ ಹಿಂದೆ ಕೂರುತ್ತದೆ. ಟ್ರಿಗರ್ ಒತ್ತಿದರೆ ಮುಂದಕ್ಕೆ ಜಿಗಿಯುತ್ತದೆ, ಆ ಗಾಳಿಗೆ ಸೀಸದ ಚಿಕ್ಕ ಗುಂಡು, ಪೆಲೆಟ್, ಹಾರುತ್ತದೆ. ಒಂದು ಪೆಲೆಟ್ಟಿಗೆ ಒಂದು ಎಳೆತ. ಎಳೆತ ಹದಿನಾಲ್ಕು ಕಿಲೋ. ಇವರ ಕೊಕ್ಕೆ ತಕ್ಕಡಿಯನ್ನು ನಳಿಗೆಯ ತುದಿಗೆ ಸಿಕ್ಕಿಸಿ ಎಷ್ಟೋ ಸಲ ಅಳೆದಿದ್ದೇನೆ. ಮೊದಲೆಲ್ಲ ಅರವತ್ತು ಸಲ ಎಳೆದು ಮನೆಗೆ ಬಂದು ರೊಟ್ಟಿ ಹಿಟ್ಟು ನಾದಿದವಳು ನಾನು.

ಇವತ್ತು ಅರ್ಧದವರೆಗೂ ಬರಲಿಲ್ಲ. ಭುಜದೊಳಗೆ ಯಾರೋ ಬಟ್ಟೆ ಹರಿದ ಹಾಗಾಯಿತು. ಅಲ್ಲಿ ಕೈ ಬಿಡುವ ಹಾಗೂ ಇಲ್ಲ, ಬಿಟ್ಟರೆ ನಳಿಗೆ ರಪ್ಪನೆ ಮೇಲಕ್ಕೆ ಬಡಿದು ಬೆರಳು ಮುರಿಯುತ್ತದೆ. ಮೊಣಕಾಲಿಗೆ ಒತ್ತಿಕೊಂಡು ಇಂಚಿಂಚಾಗಿ ವಾಪಸ್ಸು ಬಿಟ್ಟೆ. ತಲೆ ಎತ್ತಿದರೆ ಬಾಗಿಲಲ್ಲಿ ಇವರು. ಕನ್ನಡಕ ಮರೆತಿದ್ದರಂತೆ.

"ಕೊಡು, ನಾನು ಎಳೆದು ಕೊಡ್ತೀನಿ."

"ಊಟಾನೂ ಅಗಿದು ಕೊಡಿ, ನುಂಗ್ತೀನಿ" ಎಂದೆ.

ಇವರು ಕನ್ನಡಕ ತೆಗೆದುಕೊಂಡು ಹೋದರು. ಇವರ ಜತೆ ಜಗಳ ಮಾಡುವುದೂ ಒಂದು ಶಿಕ್ಷೆ. ನಾನು ಒಬ್ಬಳೇ ಎರಡೂ ಕಡೆಯ ಮಾತು ಆಡಬೇಕು.

ಮಾರ್ಚ್ ೬, ಗುರುವಾರ

ಭುಜದ ಡಾಕ್ಟರ ಹತ್ತಿರ ಹೋಗಿದ್ದೆ. ತುಂಬ ಮಾತಾಡಿದರು. ಮಾತಾಡುವಾಗ ಮೂರು ಸಲ ಗಡಿಯಾರ ನೋಡಿದರು. ಅವರ ಮೇಜಿನ ಮೇಲೆ ಭುಜದ ಮೂಳೆಯ ಒಂದು ಪ್ಲಾಸ್ಟಿಕ್ ಬೊಂಬೆ ಇದೆ, ಅದರ ಕೀಲು ಸಡಿಲ. ನನ್ನ ಕೈಗೆ ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಸರಿ ಮಾಡುತ್ತಿದ್ದೆ.

ಇವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ಏನಂದ್ರು?"

"ಆರು ವಾರ. ಆರು ವಾರದಲ್ಲಿ ಮೊದಲಿನ ಹಾಗೇ ಆಗುತ್ತಂತೆ."

"ಒಳ್ಳೇದಾಯ್ತು" ಎಂದರು. ಬಸ್ಸಿನಲ್ಲಿ ನನ್ನ ಬಲಗಡೆ ಕೂರಲು ಬಂದರು. ಎಡಗಡೆ ಕೂರಿ ಎಂದೆ.

ಮಾರ್ಚ್ ೯, ಭಾನುವಾರ

ಶೂಟಿಂಗ್ ಕ್ಲಬ್ಬಿಗೆ ಹೋಗಿ ಬೇರೆಯವರು ಹೊಡೆಯುವುದನ್ನು ನೋಡುತ್ತ ಕೂತೆ. ನಮ್ಮ ಕ್ಲಬ್ ಇರುವುದು ಹಳೆಯ ಬ್ರೆಡ್ ಕಾರ್ಖಾನೆಯ ಗೋದಾಮಿನಲ್ಲಿ. ಒಟ್ಟು ಒಂಬತ್ತು ಲೇನ್. ನಾಲ್ಕನೆಯದು ನನ್ನದು. ದೀಪ ನೇರವಾಗಿ ಗುರಿಹಾಳೆಯ ಮೇಲೆ ಬೀಳುವುದು ಅಲ್ಲಿ ಮಾತ್ರ. ಹತ್ತೊಂಬತ್ತು ವರ್ಷ ನಿಂತು ನಿಂತು ಅಲ್ಲಿಯ ಹಲಗೆ ನನ್ನ ಎರಡು ಪಾದದ ಅಳತೆಗೆ ಸವೆದಿದೆ.

ಗೋಡೆಗೆ ಕಾಗದ ಅಂಟಿಸಿದ್ದಾರೆ. ಮೇ ಹನ್ನೊಂದಕ್ಕೆ ಲೇನ್ ಪರೀಕ್ಷೆ. ಎಪ್ಪತ್ತೈದು ನಿಮಿಷ, ಅರವತ್ತು ಪೆಲೆಟ್. ಆರುನೂರಕ್ಕೆ ಐನೂರ ಮೂವತ್ತಕ್ಕಿಂತ ಕಡಿಮೆ ಬಂದರೆ ಲೇನ್ ಮುಂದಿನವರಿಗೆ. ಮುಂದಿನವನು ಬ್ಯಾಂಕಿನವನು. ಎರಡು ವರ್ಷದಿಂದ ನನ್ನ ಲೇನಿನ ಹಿಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ.

ಕಾರ್ಯದರ್ಶಿ ಪಕ್ಕಕ್ಕೆ ಬಂದು ಕೂತರು. "ಅಮ್ಮಾ, ಸಿಲಿಂಡರ್ ಬಂದೂಕಿಗೆ ಹೋಗ್ಬಿಡಿ. ಗಾಳಿ ತುಂಬಿಸಿದ್ರಾಯ್ತು, ಎಳೆಯೋ ತಾಪತ್ರಯಾನೇ ಇಲ್ಲ."

"ನಾಲ್ಕನೇ ಲೇನು ಸ್ಪ್ರಿಂಗಿನವರದ್ದಲ್ವಾ?"

"ಹೌದು. ಸಿಲಿಂಡರಿನವರಿಗೆ ಬೇರೆ ಹಾಲ್ ಇದೆ."

"ಹಾಗಾದ್ರೆ ಯಾಕೆ ಹೇಳ್ತೀರಿ?"

"ಅಲ್ಲ, ಯಜಮಾನರು ಎಳೆದು ಕೊಟ್ರೂ ನಿಯಮ ಒಪ್ಪಲ್ಲ. ಹೊಡೆಯೋರೇ ಎಳೀಬೇಕು, ಅದಕ್ಕೆ ಹೇಳ್ದೆ."

ನಿಯಮ ಬರೆದವಳೇ ನಾನು. ಹನ್ನೆರಡು ವರ್ಷದ ಹಿಂದೆ, ಕಮಿಟಿಯಲ್ಲಿದ್ದಾಗ. ಒಬ್ಬ ತನ್ನ ಅಳಿಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಳೆಸುತ್ತಿದ್ದ, ನೋಡಿ ಮೈಯೆಲ್ಲ ಉರಿದಿತ್ತು.

ಮಾರ್ಚ್ ೧೫, ಶನಿವಾರ

ಸುಮ್ಮನೆ ನೋಡಿ ಬರೋಣ ಎಂದು ಬಂದೂಕಿನ ಅಂಗಡಿಗೆ ಹೋದೆ. ಕೈ ಸರಿಹೋಗುವವರೆಗೆ ಸುಲಭವಾಗಿ ಎಳೆಯುವಂಥದ್ದು ಒಂದಿದ್ದರೆ ಅಭ್ಯಾಸ ತಪ್ಪುವುದಿಲ್ಲ, ಅಷ್ಟೇ.

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಿಗೆ ಮೇಡಂ? ಮೊಮ್ಮಗಳಿಗಾ?" ಎಂದ.

"ನನಗೆ."

"ಓ! ಹಾಗಾದ್ರೆ ಇದು ನೋಡಿ. ಹಗುರ, ಚಿಕ್ಕದು. ಹೆಂಗಸರಿಗೆ ಅಂತಾನೇ ಮಾಡಿರೋದು."

ಪೆಟ್ಟಿಗೆಯ ಮೇಲೂ 'ಸುಲಭ' ಎಂದು ಹಳದಿ ಅಕ್ಷರದಲ್ಲಿ ಬರೆದಿತ್ತು. ಚೀಲದಿಂದ ಕೊಕ್ಕೆ ತಕ್ಕಡಿ ತೆಗೆದೆ. ಅವನ ಮುಖ ನೋಡಬೇಕಿತ್ತು. ಬಂದೂಕನ್ನು ಕಟ್ಟೆಗೆ ಆನಿಸಿ ಹಿಡಿದುಕೊಳ್ಳಲು ಹೇಳಿ, ಕೊಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಜೋತುಬಿದ್ದೆ. ಮುಳ್ಳು ಹದಿನಾರು ದಾಟಿತು. ನನ್ನ ಹಳೆಯದಕ್ಕಿಂತ ಎರಡು ಕಿಲೋ ಹೆಚ್ಚು! ಆಗಲೇಬೇಕಲ್ಲ? ನಳಿಗೆ ಗಿಡ್ಡವಾದರೆ ಎಳೆಯಲು ಸಿಗುವ ಹಿಡಿಯೂ ಗಿಡ್ಡ. ಎತ್ತಲು ಹಗುರವಾದದ್ದು ಎಳೆಯಲು ಭಾರ. ಇಷ್ಟು ಗೊತ್ತಿಲ್ಲದೆ ಕಟ್ಟೆಯ ಹಿಂದೆ ನಿಂತಿದ್ದಾನೆ.

"ಸುಲಭ ಅಂತ ಬರೆದಿರೋದು ಯಾರಿಗೆ, ಮಾರೋರಿಗಾ?" ಎಂದೆ.

ಇನ್ನೆರಡು ತೋರಿಸಿದ. ಒಂದು ಹದಿಮೂರು, ಒಂದು ಹದಿನೈದು. ಕೊಳ್ಳದೆ ಬಂದೆ. ಆರು ವಾರದ ವಿಷಯಕ್ಕೆ ಯಾಕೆ ಬೇಕು?

ಮಾರ್ಚ್ ೨೨, ಶನಿವಾರ

ಹಲ್ಲಿನ ಡಾಕ್ಟರು ಇವತ್ತು ಎರಡು ಸೆಟ್ಟಿನ ಕೆಲಸ ಬೇರೆ ಕಡೆ ಕಳಿಸಿದರು. ನಾನು ಅವರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಟ್ಟುವ ಹಲ್ಲು ತಯಾರಿಸುವವಳು. ಮೇಣದಲ್ಲಿ ಹಲ್ಲು ಜೋಡಿಸಬಲ್ಲೆ, ಒಸಡು ಕೆತ್ತಬಲ್ಲೆ. ಕೊನೆಗೆ ಅಚ್ಚನ್ನು ಪ್ರೆಸ್ಸಿಗೆ ಹಾಕಿ ತಿರುಗಿಸಿ ಬಿಗಿ ಮಾಡಬೇಕಲ್ಲ, ಅಲ್ಲಿ ಕೈ ಸೋಲುತ್ತದೆ. ನಾನು ಬಿದ್ದದ್ದೂ ಇದೇ ಕೋಣೆಯಲ್ಲಿ, ಮೇಲಿನ ಅಟ್ಟಣೆಯ ಪ್ಲಾಸ್ಟರ್ ಚೀಲಕ್ಕೆ ಸ್ಟೂಲ್ ಹತ್ತಿ. ಆ ಸ್ಟೂಲನ್ನು ಇನ್ನೂ ಅಲ್ಲೇ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಅದಕ್ಕೊಂದು ಒದೆ ಕೊಟ್ಟು ಕೆಲಸ ಶುರು ಮಾಡುತ್ತೇನೆ.

"ನೀವು ನಿಧಾನಕ್ಕೆ ಮಾಡಿ, ಅವಸರ ಏನಿಲ್ಲ" ಎಂದರು ಡಾಕ್ಟರು, ಕೆಲಸ ಕಿತ್ತುಕೊಂಡವರು.

ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಇಪ್ಪತ್ತೈದು ನಿಮಿಷ. ಇವರು ಬಾಚಣಿಗೆಗೆ ಕೈ ಚಾಚಿದರು. ಮುಟ್ಟಿದರೆ ಕೈ ಕಡಿಯುತ್ತೇನೆ ಎಂದು ಹೇಳಿ ಗಂಟು ಕಟ್ಟಿಕೊಂಡು ಹೋದೆ. ಡಾಕ್ಟರ ಹೆಂಡತಿ ಹುಷಾರಿಲ್ಲವಾ ಎಂದು ಕೇಳಿದಳು.

ಬಂದೂಕು: ಅರ್ಧ.

ಮಾರ್ಚ್ ೩೦, ಭಾನುವಾರ

ಕ್ಲಬ್ಬಿನಿಂದ ಬಂದು ಎಳೆದು ನೋಡಿದೆ. ಅರ್ಧಕ್ಕಿಂತ ಎರಡು ಬೆರಳು ಮುಂದೆ ಬಂತು.

ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ದಿನಕ್ಕೆ ಇನ್ನೂರು ಸಲ ಎಳೆಯುತ್ತಿದ್ದೇನೆ. ಅದರ ಫಲ.

ಏಪ್ರಿಲ್ ೭, ಸೋಮವಾರ

ಮುಕ್ಕಾಲು! ಸರಿಯಾಗಿ ಮುಕ್ಕಾಲು. ವಾರ ವಾರಕ್ಕೂ ಮುಂದೆ ಹೋಗುತ್ತಿದ್ದೇನೆ. ಡಾಕ್ಟರುಗಳಿಗೆ ಏನು ಗೊತ್ತಿರುತ್ತದೆ? ಪ್ಲಾಸ್ಟಿಕ್ ಬೊಂಬೆ ಇಟ್ಟುಕೊಂಡು ಮಾತಾಡುತ್ತಾರೆ.

ಇವರಿಗೆ ಹೇಳಿದೆ. "ಹೂಂ" ಎಂದರು. ಇವರಿಗೆ ಒಂದು ಸಂತೋಷದ ಸುದ್ದಿ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಏಪ್ರಿಲ್ ೧೬, ಬುಧವಾರ

ಬಂತು. ಬಂತು. ಪೂರ್ತಿ ಬಂತು!

ಸಂಜೆ ಕೆಲಸದಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಎಳೆದೆ. ಕಟಕ್ ಎಂದು ಕೂತಿತು. ಒಂದು ಗಳಿಗೆ ನಾನೇ ನಂಬಲಿಲ್ಲ. ಪೆಲೆಟ್ ಹಾಕಿ ಹಿತ್ತಲ ಗೋಣಿಚೀಲಕ್ಕೆ ಹೊಡೆದೆ. ಮತ್ತೆ ಎಳೆದೆ. ಇಪ್ಪತ್ತು ಸಲ! ಭುಜ ನೋಯುತ್ತದೆ, ಇಲ್ಲವೆನ್ನುವುದಿಲ್ಲ, ಆದರೆ ಬರುತ್ತದೆ. ಬಂದೂಕಿನ ಸದ್ದು ಕೂಡ ಮೆತ್ತಗಾಗಿದೆ, ಅದಕ್ಕೂ ನನ್ನನ್ನು ಕಂಡು ಬುದ್ಧಿ ಬಂದಿರಬೇಕು. ಆರು ವಾರಕ್ಕೆ ಒಂದು ದಿನ ಮೊದಲೇ.

"ರೀ, ಬನ್ನಿ ಇಲ್ಲಿ, ನೋಡಿ!" ಎಂದು ಕೂಗಿದೆ. ಬಂದು ಬಾಗಿಲಲ್ಲಿ ನಿಂತರು, ಕೈಯಲ್ಲಿ ಸ್ಕ್ರೂಡ್ರೈವರ್. ಎಳೆದು ತೋರಿಸಿದೆ. ಮತ್ತೊಮ್ಮೆ ತೋರಿಸಿದೆ. ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಸಂತೋಷವಾಗಲಿಲ್ಲವಾ ಎಂದು ಕೇಳಿದೆ. "ನಿನಗೆ ಆಯ್ತಲ್ಲ" ಎಂದರು. ಇಪ್ಪತ್ತೆಂಟು ವರ್ಷ ಈ ಮರದ ಕೊರಡಿನ ಜತೆ ಸಂಸಾರ ಮಾಡಿದ್ದೇನೆ.

ಅಳೆದು ಬರೆದಿಡೋಣವೆಂದು ಕೊಕ್ಕೆ ತಕ್ಕಡಿ ಕೇಳಿದೆ. ಯಾರೋ ಗಿರಾಕಿ ತೆಗೆದುಕೊಂಡು ಹೋಗಿದ್ದಾರಂತೆ. ತಕ್ಕಡಿ ರಿಪೇರಿ ಅಂಗಡಿ ಇಟ್ಟವರ ಮನೆಯಲ್ಲಿ ಒಂದು ತಕ್ಕಡಿ ಇಲ್ಲ. ಇರಲಿ. ಹದಿನಾಲ್ಕು ಎಂದೇ ಬರೆಯುತ್ತೇನೆ.

ಏಪ್ರಿಲ್ ೨೦, ಭಾನುವಾರ

ನಾಲ್ಕನೇ ಲೇನಿನಲ್ಲಿ ನಿಂತೆ. ಎಲ್ಲರೂ ಬಂದು ಕೈ ಕುಲುಕಿದರು, ಬ್ಯಾಂಕಿನವನು ಕೂಡ.

ಆಮೇಲೆ ಮಾನ ಹೋಯಿತು. ಒಂದೂ ಮಧ್ಯಕ್ಕೆ ಬೀಳಲಿಲ್ಲ. ಹತ್ತು ಪೆಲೆಟ್ಟೂ ಒಂದೇ ಕಡೆ, ಕಪ್ಪು ವೃತ್ತದ ಕೆಳಗಿನ ಅಂಚಿನಲ್ಲಿ ಗುಂಪಾಗಿ. ಕೈ ನಡುಗಿದರೆ ಚದುರಬೇಕು. ಇದು ಚದುರಿಲ್ಲ, ಎಲ್ಲಾ ಕೆಳಗೆ ಇಳಿದಿದೆ. ಪೆಲೆಟ್ ಡಬ್ಬಿ ಬದಲಾಯಿಸಿದೆ, ಅದೇ ಕಥೆ. ದೀಪ ಮಂಕಾಗಿದೆ ಎಂದೆ. ಕಾರ್ಯದರ್ಶಿ ಹೊಸ ಬಲ್ಬ್ ಹಾಕಿಸಿದರು, ಅದೇ ಕಥೆ.

"ಕಣ್ಣು ಒಂದ್ಸಲ ತೋರಿಸಿ ಅಮ್ಮಾ. ವಯಸ್ಸು ನೋಡಿ, ನಮಗೂ ಹಾಗೇ" ಎಂದರು.

ಬ್ಯಾಂಕಿನವನು ಗಂಟಲು ಸರಿಮಾಡಿಕೊಂಡ.

ಏಪ್ರಿಲ್ ೨೪, ಗುರುವಾರ

ಕಣ್ಣು ತೋರಿಸಿದೆ. ಏನೂ ಆಗಿಲ್ಲ. ಪೆಲೆಟ್ ಮಾರಿದವನಿಗೆ ಫೋನ್ ಮಾಡಿ ಕಲಬೆರಕೆ ಮಾಲು ಎಂದು ಬೈದೆ. ಸೀಸದಲ್ಲಿ ಏನು ಕಲಬೆರಕೆ ಮೇಡಂ ಎಂದು ಕೇಳುತ್ತಾನೆ.

ಊಟದ ಹೊತ್ತಿಗೆ ಇವರು ತಟ್ಟೆ ನೋಡುತ್ತಲೇ, "ಗುರಿ ನೋಡೋ ಹಿಂದಿನ ಸೈಟನ್ನ ನಾಲ್ಕು ಗೆರೆ ಮೇಲೆ ಮಾಡಿ ನೋಡು" ಎಂದರು.

ಬಂದೂಕಿನ ಗಂಧಗಾಳಿಯೇ ಇಲ್ಲದವರು ನನಗೆ ಪಾಠ ಹೇಳುತ್ತಾರೆ! ನಾಲ್ಕೇ ಗೆರೆ ಯಾಕೆ, ಐದು ಯಾಕಾಗಬಾರದು ಎಂದು ಕೇಳಿದೆ. ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡರು.

ಏರಿಸಿ ನೋಡಿದೆ. ನಾಲ್ಕಕ್ಕೆ ಸರಿಯಾಗಿ ಮಧ್ಯಕ್ಕೆ ಬಂತು. ಇನ್ನೂ ಕೋಪ ಬಂತು.

ಏಪ್ರಿಲ್ ೨೬, ಶನಿವಾರ

ಕಾಗದ ಹರಿಯುವ ಹಾಗೆ ಒತ್ತಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಒಂದು ಚಿಕ್ಕ ಇಕ್ಕಳ ಬೇಕಾಗಿ ಇವರ ಅಂಗಡಿಗೆ ಹೋದೆ. ಇವರು ಯಾವುದೋ ಗೋದಾಮಿನ ದೊಡ್ಡ ತಕ್ಕಡಿ ನೋಡಲು ಹೋಗಿದ್ದರು. ಇಕ್ಕಳಗಳ ಹಿಂದೆ, ಹಳೆಯ ಅಂಗಿಯೊಂದರಲ್ಲಿ ಸುತ್ತಿ, ಕೊಕ್ಕೆ ತಕ್ಕಡಿ. ಗಿರಾಕಿ ತೆಗೆದುಕೊಂಡು ಹೋಗಿದ್ದ ತಕ್ಕಡಿ.

ಮನೆಗೆ ತಂದು ಬಂದೂಕಿಗೆ ಸಿಕ್ಕಿಸಿ ಎಳೆದೆ. ಎಂಟೂವರೆ. ಮತ್ತೆ ಎಳೆದೆ. ಎಂಟೂವರೆ. ತಕ್ಕಡಿ ಕೆಟ್ಟಿರಬೇಕೆಂದು ಐದು ಕಿಲೋದ ಕಲ್ಲು ತೂಗುಹಾಕಿದೆ. ಮುಳ್ಳು ಐದರ ಮೇಲೆ ನಿಂತಿತು, ಕೂದಲೆಳೆ ಆಚೀಚೆ ಇಲ್ಲ.

ಇವರು ಬರುವ ಹೊತ್ತಿಗೆ ಬಂದೂಕು, ತಕ್ಕಡಿ ಎರಡನ್ನೂ ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ನೋಡಿದರು. ಚೀಲ ಕೆಳಗಿಟ್ಟರು.

"ಸ್ಪ್ರಿಂಗ್ ಎಷ್ಟು ಕತ್ತರಿಸಿದ್ರಿ?"

"ನಾಲ್ಕು ಸುತ್ತು."

"ಯಾವಾಗ?"

"ಭಾನುವಾರ ಭಾನುವಾರ. ನೀನು ಕ್ಲಬ್ಬಿಗೆ ಹೋದಾಗ. ವಾರಕ್ಕೊಂದು ಸುತ್ತು." ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. "ಕೈ ಸುಧಾರಿಸೋ ಹಾಗೆ."

ವಾರಕ್ಕೊಂದು ಸುತ್ತು! ನಾನು ಇಲ್ಲಿ ಅರ್ಧ, ಮುಕ್ಕಾಲು ಎಂದು ಬರೆದುಕೊಂಡು ಹಿಗ್ಗುತ್ತಿದ್ದರೆ ಈ ಮನುಷ್ಯ ಅಲ್ಲಿ ಗರಗಸ ಹಿಡಿದು ಕೂತಿದ್ದಾನೆ. ಬಾಗಿಲಲ್ಲಿ ನಿಂತು ನನ್ನ ಕುಣಿತ ನೋಡಿದ್ದಾನೆ. ಊರವರ ಮುಂದೆ ಹತ್ತು ಪೆಲೆಟ್ಟೂ ಸ್ಪ್ರಿಂಗಿನ ಬಲ ಸಾಲದೆ ಕೆಳಗೆ ಬಿದ್ದಾಗ ಕಣ್ಣು ಹೋಯಿತೇನೋ ಎಂದು ನಾನು ಹೆದರಿ ಸಾಯುತ್ತಿದ್ದರೆ, ತಟ್ಟೆ ನೋಡಿಕೊಂಡು ನಾಲ್ಕು ಗೆರೆ ಎನ್ನುತ್ತಾನೆ.

"ಕಿವಿ ಮೇಲೆ ಹೂವಿಟ್ರಲ್ಲ ನನಗೆ! ಈ ತಕ್ಕಡೀನ ಬಚ್ಚಿಟ್ಟಿದ್ದು ಯಾಕೆ? ಇದರ ಸ್ಪ್ರಿಂಗೂ ತಿರುಚಿ ಹದಿನಾಲ್ಕು ತೋರಿಸೋ ಹಾಗೆ ಮಾಡ್ಬಹುದಿತ್ತಲ್ಲ? ಅದೂ ಬರುತ್ತಲ್ಲ ನಿಮಗೆ?"

"ಬರುತ್ತೆ."

"ಮತ್ತೆ?"

"ತಕ್ಕಡಿಗೆ ಹಾಗೆ ಮಾಡೋಕೆ ನನ್ನ ಕೈಲಿ ಆಗಲ್ಲ."

"ಹೆಂಡತಿಗೆ ಆಗುತ್ತೆ!"

ಆಗ ತಲೆ ಎತ್ತಿದರು. ಇಪ್ಪತ್ತೆಂಟು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಏರಿಸಿದ್ದು ಇಲ್ಲ, ಇವತ್ತೂ ಏರಿಸಲಿಲ್ಲ.

"ಆರು ವಾರ ಅಂದಿದ್ದು ನೀನು. ಆರು ವಾರದಲ್ಲಿ ಮೊದಲಿನ ಹಾಗೇ ಆಗುತ್ತೆ ಅಂದೆ. ಆರು ವಾರದಲ್ಲಿ ಮಾಡಿದೆ."

"ಡಾಕ್ಟರು ಹೇಳಿದ್ದನ್ನ ನಾನು..."

"ಡಾಕ್ಟರು ಏನು ಹೇಳಿದ್ದು ಅಂತ ನನಗೆ ಗೊತ್ತು ಕಣೇ. ಮಾರನೇ ದಿನಾನೇ ಹೋಗಿ ಕೇಳ್ಕೊಂಡು ಬಂದೆ."

ಚೀಲ ಎತ್ತಿಕೊಂಡು ಒಳಗೆ ಹೋದರು. ನಾನು ಕೂತೇ ಇದ್ದೆ. ಆಮೇಲೆ ಈ ಪುಸ್ತಕ ತೆಗೆದು ಮಾರ್ಚ್ ಆರರ ಪುಟ ಓದಿದೆ. ಗಡಿಯಾರ ಇದೆ, ಬೊಂಬೆ ಇದೆ, ಬಸ್ಸಿದೆ. ಡಾಕ್ಟರು ಏನು ಹೇಳಿದರು ಎಂಬುದು ಇಲ್ಲ. ಬೇರೆ ಯಾರೂ ಓದದ ಪುಸ್ತಕದಲ್ಲಿ ಕೂಡ ಬರೆದಿಲ್ಲ.

ಈಗ ಬರೆಯುತ್ತೇನೆ. ಭುಜದ ಸ್ನಾಯು ಹಳೆಯ ಬಟ್ಟೆಯ ಹಾಗಾಗಿದೆ, ಹೊಲಿಗೆ ಹಿಡಿಯುವುದಿಲ್ಲ, ಇನ್ನೊಂದು ಆಪರೇಷನ್ನಿಂದಲೂ ಪ್ರಯೋಜನವಿಲ್ಲ. ಈಗ ಎಷ್ಟಿದೆಯೋ ಅಷ್ಟೇ ಕೈ. ಒಂಬತ್ತು ಕಿಲೋದ ಮೇಲೆ ಎಳೆದರೆ ಅದೂ ಹೋಗುತ್ತದೆ. ಡಾಕ್ಟರು ಹೇಳಿದ್ದು ಇದು. ಸ್ಪಷ್ಟವಾಗಿ ಹೇಳಿದರು. ಎರಡು ಸಲ ಹೇಳಿದರು.

ಏಪ್ರಿಲ್ ೨೮, ಸೋಮವಾರ

ಇವರು ತಾವೇ ಬಡಿಸಿಕೊಂಡು ಉಂಡರು, ನಾನೂ ನಾನೇ ಬಡಿಸಿಕೊಂಡು ಉಂಡೆ.

ಏಪ್ರಿಲ್ ೩೦, ಬುಧವಾರ

ಇವರ ಮೇಲೆ ಉರಿಯುತ್ತಿದ್ದೇನೆ, ಸರಿ. ಉರಿಯಲೇಬೇಕು. ಆದರೆ ಮೇಣದ ಒಸಡು ಕೆತ್ತುತ್ತ ಕೂತಾಗ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಏಪ್ರಿಲ್ ಹದಿನಾರಕ್ಕೆ ನಾನು ನಂಬಿದೆನಲ್ಲ, ಯಾವ ಮುಖ ಇಟ್ಟುಕೊಂಡು ನಂಬಿದೆ? ಆರು ವಾರ ಎನ್ನುವುದು ನನ್ನದೇ ಬಾಯಿಂದ ಬಂದ ಸುಳ್ಳು. ಆಸ್ಪತ್ರೆಯ ಬಾಗಿಲಿಗೂ ಬೆಂಚಿಗೂ ನಡುವಿನ ಹತ್ತು ಹೆಜ್ಜೆಯಲ್ಲಿ ಕಟ್ಟಿದ್ದು. ಇವರು ಅದನ್ನು ನಿಜ ಮಾಡಿ ಕೈಗೆ ಕೊಟ್ಟರು, ನಾನು ಹೋ ಎಂದು ಕುಣಿದೆ. ನನ್ನಂಥ ಪೆದ್ದಿ ಎಲ್ಲಾದರೂ ಇದ್ದಾಳಾ?

ಪೆದ್ದಿ ಎನಿಸಿಕೊಂಡದ್ದಕ್ಕೂ ಇವರ ಮೇಲೇ ಕೋಪ. ಬೇರೆ ಯಾರಿದ್ದಾರೆ?

ಮೇಣ ಸುಟ್ಟುಹೋಯಿತು. ಮತ್ತೆ ಮೊದಲಿಂದ ಮಾಡಿದೆ.

ಮೇ ೩, ಶನಿವಾರ

ಬಂದೂಕು ಕೊಂಡೆ.

ಕತ್ತರಿಸಿದ್ದನ್ನೇ ಇಟ್ಟುಕೊಳ್ಳೋಣವೆಂದರೆ ಅದಕ್ಕೆ ಈಗ ನಿಯತ್ತಿಲ್ಲ. ಒಂದು ಪೆಲೆಟ್ ಜೋರು, ಒಂದು ನಿಧಾನ. ತುದಿ ಕತ್ತರಿಸಿದ ಸ್ಪ್ರಿಂಗ್ ಒಳಗೆ ಓಲಾಡುತ್ತದೆ. ಹೊಸ ಸ್ಪ್ರಿಂಗ್ ಹಾಕಿದರೆ ಮತ್ತೆ ಹದಿನಾಲ್ಕು.

ಬೆಳಿಗ್ಗೆ ಜಡೆ ಹಾಕುವಾಗ ಕೂದಲು ಬಿಗಿಯಾಗಿ ಎಳೆದರೆಂದು ಇವರಿಗೆ ಬೈದಿದ್ದೆ, ಆ ಮುಖ ಹೊತ್ತುಕೊಂಡೇ ನನ್ನ ಜತೆ ಬಂದರು. ನಾನು ಕರೆದಿರಲಿಲ್ಲ. ತಕ್ಕಡಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೇ. ಹಳೆಯ ಬಂದೂಕು ಮಾರುವ ಮುದುಕ ಒಬ್ಬ ಇದ್ದಾನೆ, ಮನೆಯ ಮುಂಗೋಣೆಯೇ ಅಂಗಡಿ. ಅವನು ಯಾರಿಗೆಂದು ಕೇಳಲಿಲ್ಲ. "ಕೈ ಎಷ್ಟು ಎಳೆಯುತ್ತೆ?" ಎಂದು ಕೇಳಿದ.

ಹೊಸ ಪ್ರಶ್ನೆ ಅದು. ಅಲ್ಲಿಯವರೆಗೆ ನಾನು ಬಂದೂಕನ್ನು ಮಾತ್ರ ಅಳೆದಿದ್ದೆ. ಮುದುಕ ಗೋಡೆಯ ಮೊಳೆಗೆ ತಕ್ಕಡಿ ಕಟ್ಟಿಸಿ, ನನ್ನ ಬಲಗೈಯಲ್ಲಿ ಎಳೆಯಲು ಹೇಳಿದ. ಇವರು ಮುಳ್ಳು ನೋಡಿದರು. "ಎಂಟೂವರೆ" ಎಂದರು. "ನೋವಿಲ್ಲದೆ?" ಎಂದ ಮುದುಕ. ಮತ್ತೆ ಎಳೆದೆ. "ಏಳೂಕಾಲು."

ಆರು ಬಂದೂಕು ಎಳೆದು ನೋಡಿದೆವು. ನಳಿಗೆ ಮಡಚುವಂಥವೆಲ್ಲ ಹತ್ತರ ಮೇಲೆ. ಬಂದೂಕಿನ ಹೊಟ್ಟೆಯ ಕೆಳಗೆ ಎಳೆಯುವ ಹಿಡಿ, ಲಿವರ್, ಇರುವುದು ಒಂದು ಒಂಬತ್ತು, ಆದರೆ ಎಳೆಯುವಾಗ ಭುಜ ಹೊರಕ್ಕೆ ತಿರುಗುತ್ತದೆ, ಪ್ರಾಣ ಹೋಗುತ್ತದೆ. ಕೊನೆಗೆ ಮೂಲೆಯಲ್ಲಿ ಒಂದು ಕಂದು ಬಣ್ಣದ ಕುರೂಪಿ. ಲಿವರ್ ಪಕ್ಕದಲ್ಲಿ, ನನ್ನ ಮೊಣಕೈಯಷ್ಟು ಉದ್ದ. ಬಂದೂಕು ಭಾರ, ಎತ್ತಿದರೆ ಎಡಗೈ ಬಗ್ಗುತ್ತದೆ. ಎಳೆತ ಮಾತ್ರ ಏಳು. ಲಿವರ್ ಹಿಂದೆ ಬರುವಾಗ ಒಳಗೆ ಹಲ್ಲುಗಳಿಗೆ ಸಿಕ್ಕಿಕೊಂಡು ಕಟ್ ಕಟ್ ಕಟ್ ಎಂದು ನಿಲ್ಲುತ್ತದೆ. ನಡುವೆ ಕೈ ಬಿಟ್ಟರೂ ಜಿಗಿಯುವುದಿಲ್ಲ. ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡು ಮತ್ತೆ ಎಳೆಯಬಹುದು. ಹಲ್ಲು ಬಿಗಿಯಾಗಿದೆಯಾ ಎಂದು ಬೆಳಕಿಗೆ ಹಿಡಿದು ನೋಡಿದೆ. ಕೆಲಸ ಚೆನ್ನಾಗಿದೆ.

"ಇದರ ಸ್ಪ್ರಿಂಗ್ ಮುಟ್ಟಿದ್ರೆ ನೋಡಿ" ಎಂದೆ ಇವರಿಗೆ.

ಮುದುಕ ನಕ್ಕ. ಇವರು ನಗಲಿಲ್ಲ.

ಮೇ ೯, ಶುಕ್ರವಾರ

ದಿನಕ್ಕೆ ಮೂವತ್ತು. ಮೂವತ್ತೈದಕ್ಕೆ ಭುಜ ಬೇಡ ಎನ್ನುತ್ತದೆ. ಬೇಕಾದದ್ದು ಅರವತ್ತು. ಇನ್ನೆರಡು ದಿನದಲ್ಲಿ ಏನಾಗುತ್ತದೆ? ಏನೂ ಆಗುವುದಿಲ್ಲ.

ಮೇ ೧೧, ಭಾನುವಾರ

ಪರೀಕ್ಷೆ ಮುಗಿಯಿತು. ಆದ ಹಾಗೆಯೇ ಬರೆಯುತ್ತೇನೆ.

ಮೊದಲ ಮೂವತ್ತು ಚೆನ್ನಾಗಿ ಹೋಯಿತು. ಕುರೂಪಿ ಬಂದೂಕು ಹೇಳಿದ ಮಾತು ಕೇಳುತ್ತದೆ. ನಲವತ್ತರ ಮೇಲೆ ಲಿವರನ್ನು ಎರಡು ಕಂತಿನಲ್ಲಿ ಎಳೆದೆ. ಐವತ್ತರ ಮೇಲೆ ನಾಲ್ಕು ಕಂತು, ಕಟ್ ಎಂದಲ್ಲೆಲ್ಲ ಒಂದು ಉಸಿರು. ಪಕ್ಕದ ಲೇನಿನವರೆಲ್ಲ ಮುಗಿಸಿ ಹೋದರು. ಕೊನೆಯ ಹತ್ತಕ್ಕೆ ಉಳಿದದ್ದು ಒಂಬತ್ತು ನಿಮಿಷ. ಅರವತ್ತನ್ನೂ ನಾನೇ ಎಳೆದೆ. ಕೊನೆಯ ಎಂಟನ್ನು ಗುರಿಯಿಟ್ಟು ಹೊಡೆದೆ ಎಂದು ಹೇಳಲಾರೆ, ಹೊಡೆದೆ ಅಷ್ಟೇ.

ಐನೂರ ಹತ್ತೊಂಬತ್ತು. ಹನ್ನೊಂದು ಕಡಿಮೆ.

ಕಾರ್ಯದರ್ಶಿ ನನ್ನನ್ನೂ ಇವರನ್ನೂ ಆಫೀಸಿಗೆ ಕರೆದು ಬಾಗಿಲು ಹಾಕಿದರು. ಡ್ರಾಯರಿನಿಂದ ಒಂದು ಫಾರ್ಮ್ ತೆಗೆದರು.

"ಅಮ್ಮಾ, ಯೋಚನೆ ಮಾಡ್ಬೇಡಿ. ಆಪರೇಷನ್ ಆದವರಿಗೆ ಒಂದು ವಿನಾಯಿತಿ ಇದೆ. ಗಾಯ ವಾಸಿಯಾಗೋವರೆಗೂ ಲೇನ್ ಹಾಗೇ ಇಟ್ಕೊಂಡಿರ್ತೀವಿ, ಆಮೇಲೆ ಇನ್ನೊಂದು ಸಲ ಪರೀಕ್ಷೆ. ಎಷ್ಟು ವಾರ ಬೇಕು ಹೇಳಿ, ಬರ್ಕೋತೀನಿ."

ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

ನಾಲಿಗೆ ತುದಿಯವರೆಗೆ ಬಂದಿತ್ತು. ಆರು ಎಂದರೆ ಸಾಕು, ನಾಲ್ಕನೇ ಲೇನ್ ನನ್ನದೇ. ಆರು ಮುಗಿದರೆ ಇನ್ನೊಂದು ಆರು. ಇವರ ಕಡೆ ನೋಡಿದೆ. ಬಂದೂಕಿನ ಪೆಟ್ಟಿಗೆ ಎದೆಗೆ ಅವಚಿಕೊಂಡು ನೆಲ ನೋಡುತ್ತಿದ್ದರು. ನಾನು ಆರು ಎಂದಿದ್ದರೆ ಈ ಮನುಷ್ಯ ತುಟಿಪಿಟಕ್ ಎನ್ನುತ್ತಿರಲಿಲ್ಲ. ಆ ಸುಳ್ಳನ್ನೂ ಪೆಟ್ಟಿಗೆಯ ಜತೆ ಹೊತ್ತುಕೊಂಡು ಮನೆಗೆ ಬರುತ್ತಿದ್ದರು. ಅದು ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಮೇಜಿಗೆ ಕೈ ಕುಟ್ಟಿದೆ.

"ಬರ್ಕೋಬೇಡಿ. ಈ ಕೈ ಸರಿ ಹೋಗಲ್ಲ."

"ಅಯ್ಯೋ, ಹಾಗೆಲ್ಲ ಯಾಕೆ ಅಂತೀರಿ, ನಿಧಾನಕ್ಕೆ..."

"ನಿಧಾನಕ್ಕೂ ಹೋಗಲ್ಲ, ಬೇಗಾನೂ ಹೋಗಲ್ಲ. ಇಷ್ಟೇ ಇರೋದು. ಡಾಕ್ಟರು ಮಾರ್ಚಲ್ಲೇ ಹೇಳಿದ್ದಾರೆ. ನಾನೇ ಯಾರಿಗೂ ಹೇಳಿಲ್ಲ."

ಕಾ‌ರ್ಯದರ್ಶಿ ಇವರ ಮುಖ ನೋಡಿದರು. ಇವರಿಗೆ ಗೊತ್ತಿದ್ದ ಮಾತೇ. ಆದರೂ ಈಗ ಮೊದಲ ಸಲ ಕೇಳಿದವರ ಹಾಗೆ ಕಣ್ಣು ಒರೆಸಿಕೊಂಡರು, ಅದೂ ಅಂಗಿಯ ತೋಳಿನಿಂದ, ಜೇಬಿನಲ್ಲಿ ಕರವಸ್ತ್ರ ಇಟ್ಟುಕೊಂಡು.

"ಹಾಗಾದ್ರೆ ಲೇನು..."

"ಬ್ಯಾಂಕಿನವರಿಗೆ ಕೊಡಿ. ಹಲಗೆ ಸವೆದಿದೆ, ನೋಡ್ಕೊಂಡು ನಿಲ್ಲೋಕೆ ಹೇಳಿ. ನನಗೆ ಯಾವುದು ಖಾಲಿ ಇದೆ?"

ಖಾಲಿ ಇರುವುದು ಒಂಬತ್ತನೆಯದು ಮಾತ್ರ. ಬಾಗಿಲ ಪಕ್ಕ. ಯಾರು ಬಂದರೂ ಬಾಗಿಲು ತೆರೆದೇ ಬಿಟ್ಟು ಹೋಗುತ್ತಾರೆ, ಗುರಿಹಾಳೆ ಪಟಪಟ ಹಾರುತ್ತದೆ. ಹೊಸಬರನ್ನು ನಿಲ್ಲಿಸುವ ಜಾಗ. ಹೋಗಿ ಅಲ್ಲಿ ನಿಂತು ನೋಡಿದೆ. ನಿಂತಿರುವಾಗಲೇ ಎರಡು ಸಲ ಬಾಗಿಲು ತೆರೆಯಿತು. ಅಳು ಬಂತು. ಅತ್ತೆ. ಗಾಳಿಗೆ ಎಂದು ಯಾರಿಗೂ ಹೇಳಲಿಲ್ಲ.

ಇವರು ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿದರು. ಕೀಲು ಮುಟ್ಟಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ನಿಂತರು.

"ಇದಕ್ಕೊಂದು ಸ್ಪ್ರಿಂಗ್ ಹಾಕಿದ್ರೆ ತಾನಾಗೇ ಮುಚ್ಕೊಳುತ್ತೆ."

"ಹಾಕೋ ಮುಂಚೆ ನನ್ನ ಒಂದು ಮಾತು ಕೇಳ್ತೀರೋ, ಇಲ್ವೋ?" ಎಂದೆ, ಇಡೀ ಗೋದಾಮಿಗೆ ಕೇಳುವ ಹಾಗೆ.

"ಕೇಳ್ತಾನೇ ಇದ್ದೀನಲ್ಲೇ" ಎಂದರು.

"ಹಾಕಿ" ಎಂದೆ.